ಕೋಟಿನ ಜೇಬಿನಲ್ಲೊಂದು ಸಂಸಾರ

ಗಿರಾಕಿ ಬಾರದ ದಿನ ಯಾವ ಅಂಗಡಿಯವನಾದರೂ ನೊಣ ಹೊಡೆಯುತ್ತಾ ಕೂರಬಹುದು. ನಮ್ಮ ಟೈಲರ್ ಮಾಸ್ತರರಿಗೆ ಆ ಭಾಗ್ಯವೂ ಇರಲಿಲ್ಲ. ಅವರು ಹಳೆಯ ಪೇಪರನ್ನು ಸುರುಳಿ ಸುತ್ತಿ ಕೈ ಎತ್ತಿದರೆ ಸಾಕು, ಅಂಗಡಿಯ ಹಿಂದಿನ ಅಡುಗೆಮನೆಯಿಂದ ಹೆಂಡತಿ ಮೊಬೈಲು ಹಿಡಿದುಕೊಂಡು ಓಡಿ ಬರುತ್ತಿದ್ದಳು.

"ರೀ, ತಡೀರಿ, ತಡೀರಿ! ರೆಕ್ಕೆ ಸರಿಯಾಗಿ ಬಂದಿಲ್ಲ!"

"ನೊಣ ಕಣೇ ಇದು. ಬರೀ ನೊಣ!"

"ಯಾವ ನೊಣ?"

ಎಂಥೆಂಥ ಬೊಜ್ಜಿನ ಗಿರಾಕಿಗಳ ಅಳತೆಯನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದ ಮನುಷ್ಯ, 'ಯಾವ ನೊಣ' ಎಂದರೆ ಪೆದ್ದುಪೆದ್ದಾಗಿ ಪೇಪರು ಕೆಳಗಿಡುತ್ತಿದ್ದರು. ನೊಣ ಅವರ ಮೂಗಿನ ಮೇಲೆಯೇ ಒಂದು ಸುತ್ತು ಹಾಕಿ, ಫೋಟೋ ತೆಗೆಸಿಕೊಳ್ಳಲು ಹೋಗುತ್ತಿತ್ತು.

ಇದಕ್ಕೆಲ್ಲ ಮೂಲ ಕಾಲೇಜಿಗೆ ಹೋಗುವ ಮಗಳು. ಅಮ್ಮನಿಗೆ ಹೊತ್ತು ಹೋಗಲಿ ಎಂದು ಅವಳು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟು, ಅದರೊಳಗಿನ ಒಂದು ಗುಂಪಿಗೂ ಸೇರಿಸಿದ್ದಳು. ಅಲ್ಲಿ ಜನ ತಮ್ಮ ಮನೆಯ ಸುತ್ತ ಕಂಡ ಗಿಡ, ಹುಳ, ಹಕ್ಕಿ, ಅಳಿಲು ಏನೇ ಆಗಲಿ, ಫೋಟೋ ತೆಗೆದು ಹಾಕುವುದು. ಪ್ರೊಫೆಸರ್ ಎಂದೇ ಎಲ್ಲರೂ ಕರೆಯುವ ಒಬ್ಬ ನಿವೃತ್ತ ಮೇಷ್ಟ್ರು ಅದು ಏನೆಂದು ಹೇಳುವುದು. ಇಷ್ಟೇ. ಕೇಳಿದರೆ ಪಾಪದ ಹವ್ಯಾಸ. (ಹವ್ಯಾಸಗಳೆಲ್ಲ ಕೇಳಲಿಕ್ಕೆ ಪಾಪದವೇ. ಅನುಭವಿಸುವವನ ಪಾಪ ಬೇರೆ.)

ಒಂದು ತಿಂಗಳೊಳಗೆ ಮನೆ ಅಭಯಾರಣ್ಯವಾಯಿತು. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಕಳೆ ಕೀಳುವಂತಿಲ್ಲ, ಅದಕ್ಕೆ ಮೊಗ್ಗು ಬಂದಿದೆ. ಮೂಲೆಯ ಜೇಡರ ಬಲೆ ತೆಗೆಯುವಂತಿಲ್ಲ, ಬಾಣಂತಿ ಇದ್ದಾಳೆ. ಬಚ್ಚಲಿನ ಪಾಚಿಯನ್ನು ಉಜ್ಜುವಂತಿಲ್ಲ. ಮಾಸ್ತರರು ಅದರ ಮೇಲೆ ಜಾರಿ ಬಿದ್ದಾಗ ಹೆಂಡತಿ ಓಡಿಬಂದು ಮೊದಲು ನೋಡಿದ್ದು ಪಾಚಿಗೆ ಏನಾದರೂ ಆಯಿತೇ ಎಂದು. ತಟ್ಟೆಯ ಅಂಚಿಗೆ ಇರುವೆ ಬಂದರೆ ಊಟ ನಿಲ್ಲುತ್ತಿತ್ತು. ಸಾರು ಆರಿ ತಣ್ಣಗಾಗುವವರೆಗೂ ಗಂಡ, ಕಲಸಿದ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು, ಇರುವೆಯ ಫೋಟೋ ಶೃಂಗಾರ ಮುಗಿಯಲೆಂದು ಕಾಯಬೇಕು.

ಆದರೆ ಅವಳ ದುಃಖವೂ ಸಣ್ಣದಾಗಿರಲಿಲ್ಲ. ಅವಳು ಏನು ಹಾಕಿದರೂ ಪ್ರೊಫೆಸರರ ಉತ್ತರ ಒಂದೇ: 'ಕಾಗೆ. ಎಲ್ಲೆಡೆ ಇದೆ.' 'ಮನೆಹಲ್ಲಿ. ಎಲ್ಲೆಡೆ ಇದೆ.' ಬೇರೆಯವರ ಚಿಟ್ಟೆಗಳಿಗೆ ಕೆಂಪು ಹೃದಯಗಳ ಸುರಿಮಳೆ; ಇವಳ ಹಲ್ಲಿಗೆ ಒಂದೇ ಹೃದಯ, ಅದೂ ಮಗಳದ್ದು. ಸಂಜೆ ಹೊತ್ತು ಅವಳು ಸೆರಗಿನಲ್ಲಿ ಮೊಬೈಲಿನ ಗಾಜು ಒರೆಸುತ್ತಾ, "ನನ್ನ ಹಣೇಲಿ ಬರೀ ಎಲ್ಲ ಕಡೆ ಇರೋದೇ ಬರ್ದಿದೆ," ಎಂದು ಗಂಡನ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಮಾಸ್ತರರಿಗೆ ಆ ನೋಟ ಅಷ್ಟು ಹಿಡಿಸುತ್ತಿರಲಿಲ್ಲ. ಆದರೂ, ಹೀಗೇ ಬೇಸರ ಬಂದು ಬಿಟ್ಟುಬಿಡುತ್ತಾಳೆ ಎಂದು ಒಳಗೊಳಗೇ ಹಿಗ್ಗುತ್ತಿದ್ದರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ ಕೋಟಿನ ಕೆಲಸ ಬಂತು.

ಡಾಕ್ಟರು ಎದುರು ಬೀದಿಯವರು. ದಂತವೈದ್ಯರ ದೊಡ್ಡ ಸಮ್ಮೇಳನದಲ್ಲಿ ಭಾಷಣ ಮಾಡುವವರಿದ್ದರು. ಕರಿಯ ಕೋಟು, ಒಳಗೆ ರೇಷ್ಮೆಯ ಅಸ್ತರು, ಗುಂಡಿಗಳಿಗೆ ಕೈಯಲ್ಲೇ ಹೆಣೆದ ಕಾಜಾ. ಮಾಸ್ತರರು ಜೀವ ತೇದು ಹೊಲಿದರು. ಅದಕ್ಕೆ ಕಾರಣ ಕಲಾಪ್ರೇಮ ಮಾತ್ರವಲ್ಲ. ಅವರ ಮೇಲಿನ ದವಡೆಯ ಎಡಗಡೆಯ ಹಲ್ಲನ್ನು ಡಾಕ್ಟರು ಅರ್ಧ ಕೊರೆದು, ತಾತ್ಕಾಲಿಕವಾಗಿ ಏನೋ ತುಂಬಿ, "ಸಮ್ಮೇಳನ ಮುಗೀಲಿ, ಪೂರ್ತಿ ಮಾಡೋಣ," ಎಂದಿದ್ದರು. ಅರ್ಧ ಕೊರೆದ ಹಲ್ಲು ಯಾರ ಕೈಯಲ್ಲಿದೆಯೋ ಅವರ ಕೋಟು ಕೆಡಿಸುವಷ್ಟು ಧೈರ್ಯ ಯಾವ ದರ್ಜಿಗೂ ಇರುವುದಿಲ್ಲ.

ಕೋಟು ಮುಗಿಯಿತು. ಇಸ್ತ್ರಿಯೂ ಆಯಿತು. ಕಿಟಕಿಯ ಪಕ್ಕದ ಬೊಂಬೆಗೆ ಅದನ್ನು ತೊಡಿಸಿ, ಮಾಸ್ತರರು ಸಂಬಂಧಿಕರ ಊರಿಗೆ ಹೋಗಿ ಎರಡು ದಿನ ಬಿಟ್ಟು ಬಂದರು. ಬಂದು ನೋಡಿದರೆ ಎದೆಯ ಜೇಬು ಉಬ್ಬಿತ್ತು. ಬೆರಳು ಹಾಕಿದರೆ ಕಲ್ಲಿನ ಹಾಗೆ ಗಟ್ಟಿ. ಜೇಬಿನ ಬಾಯಿಂದ ಕೆಂಪು ಮಣ್ಣಿನ ಗುಡ್ಡೆ ಇಣುಕುತ್ತಿತ್ತು. ಅವರು ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗಲೇ, ಸಪೂರ ಸೊಂಟದ ಕಣಜವೊಂದು ಬಾಯಲ್ಲಿ ಮಣ್ಣಿನ ಉಂಡೆ ಕಚ್ಚಿಕೊಂಡು ಕಿಟಕಿಯಿಂದ ಬಂದು, ಅವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಕೊನೆಯ ತೂತಿಗೆ ಗಿಲಾವು ಮಾಡಿ, ಕೆಲಸ ಮುಗಿಸಿದ ಮೇಸ್ತ್ರಿಯ ಗತ್ತಿನಲ್ಲಿ ಹೊರಟುಹೋಯಿತು.

ಮಾಸ್ತರರು ಕತ್ತರಿಯ ತುದಿಯಿಂದ ಮಣ್ಣು ಕೆರೆಯಲು ಹೋದರು.

"ಮುಟ್ಟಿದ್ರೆ ನೋಡಿ!"

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆ ದನಿಯನ್ನು ಮಾಸ್ತರರು ತಮ್ಮ ದಾಂಪತ್ಯದಲ್ಲಿ ಒಂದೇ ಸಲ ಕೇಳಿದ್ದರು, ಅವಳ ಹೊಸ ಸೀರೆಯಲ್ಲಿ ಯಂತ್ರದ ಎಣ್ಣೆ ಒರೆಸಿದಾಗ.

"ಇದು ಡಾಕ್ಟರ ಕೋಟು ಕಣೇ!"

"ಅದಕ್ಕೇನು ಗೊತ್ತು, ಪಾಪ, ಡಾಕ್ಟರದ್ದು ಅಂತ?"

"ನಂಗೆ ಗೊತ್ತಲ್ಲ!"

"ಗೊತ್ತಿದ್ದವರು ಕಿಟಕಿ ಹಾಕಿ ಹೋಗ್ಬೇಕಿತ್ತು."

ಎಡದಿಂದ, ಬಲದಿಂದ, ಕುರ್ಚಿ ಹತ್ತಿ, ನೆಲಕ್ಕೆ ಕೂತು ಫೋಟೋ ತೆಗೆದದ್ದಾಯಿತು. ಪ್ರೊಫೆಸರರ ಉತ್ತರ ಈ ಸಲ ಉದ್ದವಾಗಿತ್ತು. ಇದು ಮಣ್ಣಿನ ಗೂಡು ಕಟ್ಟುವ ಕಣಜ. ಅಪರೂಪದ್ದೇನಲ್ಲ, ಆದರೆ ಗೂಡು ಮುಚ್ಚಿದ ದಿನದಿಂದ ಮರಿ ಹೊರಬರುವವರೆಗೆ ಪೂರ್ತಿಯಾಗಿ ನಮ್ಮ ಗುಂಪಿನಲ್ಲಿ ಯಾರೂ ದಾಖಲಿಸಿಲ್ಲ. ತಾಯಿ ಈಗಾಗಲೇ ಹೊರಟುಹೋಗಿದೆ; ಮಕ್ಕಳು ಒಳಗಿವೆ. ದಯವಿಟ್ಟು ಅಲುಗಿಸಬೇಡಿ. ಮೂರು ವಾರ ಆಗಬಹುದು, ಹೆಚ್ಚೂ ಆಗಬಹುದು. ಕೊನೆಯಲ್ಲಿ 'ಅಭಿನಂದನೆಗಳು ಸೋದರಿ' ಎಂದೂ ಇತ್ತು.

ಹೃದಯಗಳು ಸುರಿಯತೊಡಗಿದವು. ಹೆಂಡತಿ ಕುರ್ಚಿಯ ಮೇಲೆ ಕೂತು ಅತ್ತೇಬಿಟ್ಟಳು. "ಸೋದರಿ ಅಂದ್ರು ರೀ," ಎಂದಳು. ಮಾಸ್ತರರಿಗೂ ಅಳು ಬಂತು. ಅವರ ಅಳುವಿಗೆ ಕಾರಣ ಬೇರೆ: ಸಮ್ಮೇಳನ ಮುಂದಿನ ವಾರವೇ ಇತ್ತು.

ಅಂದು ರಾಯಭಾರ, ಸಂಧಾನ, ಬೆದರಿಕೆ ಎಲ್ಲವೂ ನಡೆದವು. ಜೇಬನ್ನಷ್ಟೇ ಬಿಚ್ಚಿ ಬೊಂಬೆಗೆ ಹೊಲಿದುಬಿಡುತ್ತೇನೆ ಎಂದು ಮಾಸ್ತರರು ಸೂಚಿಸಿದರು. ಜೇಬಿನ ಚೀಲ ಒಳಗಡೆ ಅಸ್ತರಿಗೆ ಸೇರಿದೆ ಕಣಪ್ಪಾ, ಅಸ್ತರು ಅಲುಗಿದರೆ ಗೂಡು ಬಿರುಕು ಬಿಡುತ್ತೆ ಎಂದು ಮಗಳು, ಬಟನ್ನನ್ನೂ ಹಾಕಲು ಬಾರದ ಮಗಳು, ಅಪ್ಪನಿಗೆ ಹೊಲಿಗೆ ಪಾಠ ಹೇಳಿದಳು. ಕೊನೆಗೆ ಮಾಸ್ತರರಿಗೆ ಒಂದು ಉಪಾಯ ಹೊಳೆಯಿತು. ತಜ್ಞರ ಬಾಯಿಂದಲೇ ತೀರ್ಪು ಬರಲಿ! ಅವರು ತಮ್ಮ ಮೊಬೈಲಿನಿಂದ, ತಮ್ಮ ಹೆಸರಿನಲ್ಲಿ, ಗುಂಪಿಗೆ ಸೇರಿ ಕೇಳಿದರು: 'ಮಾನ್ಯರೇ, ಈ ಕೀಟ ಅಪಾಯಕಾರಿಯಲ್ಲವೇ? ಸಂಸಾರಸ್ಥರ ಮನೆ.'

'ಖಂಡಿತ ಅಪಾಯವಿಲ್ಲ,' ಎಂದು ಪ್ರೊಫೆಸರರು ಬರೆದರು. 'ನಿಮಗೆ ಒಂದು ಕುತೂಹಲದ ಸಂಗತಿ ಹೇಳುತ್ತೇನೆ. ಗೂಡಿನೊಳಗೆ ಮರಿಯ ಆಹಾರಕ್ಕೆಂದು ಜೇಡಗಳನ್ನು ತುಂಬಿಟ್ಟಿರುತ್ತದೆ. ಅವು ಸತ್ತಿರುವುದಿಲ್ಲ. ಕಣಜ ಕುಟುಕಿ ಮರಗಟ್ಟಿಸಿರುತ್ತದೆ, ಅಷ್ಟೇ. ಜೀವ ಇರುತ್ತದೆ, ಆದರೆ ಅಲುಗಾಡಲು ಆಗುವುದಿಲ್ಲ.'

ಮಾಸ್ತರರು ಅದನ್ನು ಎರಡು ಸಲ ಓದಿದರು. ಕೋಟಿನ ಜೇಬಿನ ಕಡೆ ತಿರುಗಿ, ಒಳಗಿರುವ ಕಾಣದ ಜೇಡಗಳ ಬಗ್ಗೆ ಸ್ವಂತ ಅಣ್ಣತಮ್ಮಂದಿರಿಗೆ ಮರುಗುವಷ್ಟು ಮರುಗಿದರು.

ಇನ್ನು ಉಳಿದದ್ದು ಒಂದೇ ಆಸೆ: ಡಾಕ್ಟರ ಕೋಪ. ಅವರು ಬರಲಿ, ಕೂಗಾಡಲಿ. ಹೊರಗಿನವರು ಕೂಗಾಡಿದರೆ ಹೆಂಡತಿ ತಗ್ಗುತ್ತಾಳೆ. (ಮನೆಯವರು ಕೂಗಾಡಿದರೆ ಏನಾಗುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಹಲ್ಲಿಗೆ ಏನಾದರೂ ಆಗಲಿ, ಮನೆ ಉಳಿಯಲಿ ಎಂದು ಅವರು ಗಟ್ಟಿ ಮನಸ್ಸು ಮಾಡಿದರು. ಹಲ್ಲು ಕಚ್ಚಿಕೊಂಡು ಎನ್ನೋಣವೆಂದರೆ ಅದಕ್ಕೂ ಆ ಹಲ್ಲು ಬಿಡುತ್ತಿರಲಿಲ್ಲ.

ಡಾಕ್ಟರು ಬಂದರು.

"ಎಲ್ಲಿ ಮಾಸ್ತರೇ, ನನ್ನ ಕೋಟು?"

"ಅದೇ ಸಾರ್... ಒಂದು ಸಣ್ಣ ತೊಂದರೆ..."

"ಎಲ್ಲಿ?"

"ಜೇಬಲ್ಲಿ, ಸಾರ್. ತುಂಬಿಕೊಂಡಿದೆ."

ಡಾಕ್ಟರು ಬಗ್ಗಿದರು. ಹುಬ್ಬು ಗಂಟಿಕ್ಕಿದರು. ಮಾಸ್ತರರು ಉಸಿರು ಬಿಗಿಹಿಡಿದರು. ಬಾಗಿಲ ಮರೆಯಲ್ಲಿ ಹೆಂಡತಿ ಸೆರಗು ಬಿಗಿಹಿಡಿದಳು. ಡಾಕ್ಟರು ತಮ್ಮ ಅಂಗಿಯ ಜೇಬಿನಿಂದ ಪುಟ್ಟ ಟಾರ್ಚನ್ನೂ, ಉದ್ದ ಹಿಡಿಯ ಚಿಕ್ಕ ಕನ್ನಡಿಯನ್ನೂ ತೆಗೆದು, ಕೋಟಿನ ಜೇಬನ್ನು ಮೆಲ್ಲಗೆ ಅಗಲಿಸಿ, "ಆ..." ಎಂದರು. ಅಭ್ಯಾಸಬಲದಿಂದ ಮಾಸ್ತರರು ಬಾಯಿ ತೆರೆದರು.

"ನಿಮಗಲ್ಲ," ಎಂದರು ಡಾಕ್ಟರು. ಆಮೇಲೆ ಕನ್ನಡಿಯನ್ನು ಗೂಡಿನ ಅಂಚಿನುದ್ದಕ್ಕೂ ಆಡಿಸಿ ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು, "ಯಾರು ಮಾಡಿದ್ದು ಈ ಫಿಲ್ಲಿಂಗು?"

"ಕಣಜ, ಸಾರ್. ಈಗ್ಲೇ ಕಿತ್ತು ಹಾಕ್ತೀನಿ, ನೀವು ಒಂದು ಮಾತು ಹೇಳಿದ್ರೆ ಸಾಕು..."

"ಕೀಳೋದಾ? ಏನ್ರೀ ಹೇಳ್ತಿದ್ದೀರಿ! ಅಂಚು ನೋಡಿ, ಎಲ್ಲಾದ್ರೂ ಸಂದು ಇದ್ಯಾ? ನಯ ನೋಡಿ! ಎಷ್ಟು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದ್ದೀನಿ, ನನ್ನ ಕೈಗೆ ಇಷ್ಟು ನಯ ಬಂದಿಲ್ಲ. ನಿಮ್ಮ ಹಲ್ಲಿಗೆ ಹಾಕಿದ್ದು ಹೇಗಿದೆ?"

"ಮೊನ್ನೆ ಬಿದ್ದುಹೋಯ್ತು, ಸಾರ್."

"ನೋಡಿದ್ರಾ!" ಎಂದು ಡಾಕ್ಟರು ಹೆಮ್ಮೆಯಿಂದ ಕಣಜದ ಪರ ವಾದ ಗೆದ್ದವರಂತೆ ಹೇಳಿದರು.

ಬಾಗಿಲ ಮರೆಯಿಂದ ಹೆಂಡತಿ ಹೊರಬಂದಳು. ಒಳಗೆ ಮರಿಗಳಿವೆ ಎಂದಳು. ಜೇಡಗಳನ್ನು ಕುಟುಕಿ ಮರಗಟ್ಟಿಸುವುದನ್ನು ವಿವರಿಸಿದಳು. "ಅರಿವಳಿಕೆ!" ಎಂದು ಡಾಕ್ಟರು ಕೂಗಿದರು. "ಅರಿವಳಿಕೆಯೂ ಕೊಡುತ್ತಾ!" ಟೀ ಬಂತು. ಮಗಳು ಅವರ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟಳು. ಮಾಸ್ತರರ ಟೀಯನ್ನು ತರುವುದು ಯಾರಿಗೂ ನೆನಪಾಗಲಿಲ್ಲ.

"ಆದ್ರೆ ಸಮ್ಮೇಳನಕ್ಕೆ ಕೋಟು, ಸಾರ್?" ಎಂದು ಅವರು ಕೊನೆಯ ಅಸ್ತ್ರ ಬಿಟ್ಟರು.

ಆಗ ಹೆಂಡತಿ, ಗಂಡನ ಮುಖವನ್ನೂ ನೋಡದೆ, ಬೀರುವಿನ ಬಾಗಿಲು ತೆಗೆದಳು.

ಊರಿನವರ ಕೋಟುಗಳನ್ನು ಹೊಲಿದೂ ಹೊಲಿದೂ ಮಾಸ್ತರರು ಈ ವರ್ಷ ತಮಗೆಂದು ಒಂದು ಹೊಲಿದುಕೊಂಡಿದ್ದರು, ಬೂದಿ ಬಣ್ಣದ್ದು. ದರ್ಜಿಗಳ ಸಂಘದ ವಾರ್ಷಿಕ ಸಭೆಯಲ್ಲಿ ಅವರನ್ನು ವೇದಿಕೆಗೆ ಕರೆಯುವವರಿದ್ದರು. ಜೀವನದಲ್ಲಿ ಮೊದಲ ಸಲ. ಸಭೆ ಇದ್ದದ್ದೂ ಸಮ್ಮೇಳನದ ದಿನವೇ. ಡಾಕ್ಟರು ಕೋಟಿಗೆ ಕೈ ತೂರಿಸಿದರು. ಭುಜ ಸರಿಯಾಯಿತು, ತೋಳು ಸರಿಯಾಯಿತು. ಹೊಟ್ಟೆಯ ಹತ್ತಿರ ಮಾತ್ರ ಸ್ವಲ್ಪ ಬಿಗಿ.

"ಅದನ್ನ ಇವರು ಈಗ್ಲೇ ಬಿಟ್ಟುಕೊಡ್ತಾರೆ," ಎಂದಳು ಹೆಂಡತಿ.

ಮಾಸ್ತರರು ಬಿಟ್ಟುಕೊಟ್ಟರು. ಹೊಲಿಗೆಯನ್ನು.

ಸಂಘದ ಸಭೆಗೆ ಅವರು ಮಾಮೂಲಿ ಅಂಗಿಯಲ್ಲಿ ಹೋದರು. ವೇದಿಕೆಯ ಮೇಲೆ ಕೋಟಿಲ್ಲದೆ ಇದ್ದವರು ಇಬ್ಬರೇ, ಅವರು ಮತ್ತು ಮೈಕು ಸರಿಮಾಡಲು ಬಂದವನು. ಸಭಿಕರು ಅವನನ್ನು ಮಾಸ್ತರರೆಂದುಕೊಂಡು ಚಪ್ಪಾಳೆ ಹೊಡೆದರು. ಮನೆಗೆ ಬಂದು ಈ ಕಥೆ ಹೇಳಬೇಕೆಂದು ಬಾಯಿ ತೆರೆದರೆ, "ಶ್! ಗೂಡಿನ ಹತ್ರ ಕಿರುಚಬೇಡಪ್ಪಾ," ಎಂದು ಮಗಳು ತುಟಿಯ ಮೇಲೆ ಬೆರಳಿಟ್ಟಳು.

ಆಮೇಲಿನ ದಿನಗಳಲ್ಲಿ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಅದುರುತ್ತದೆಂದು ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ಸಾಗಿಸಲಾಯಿತು. ಒಗ್ಗರಣೆಯ ಹೊಗೆಯಲ್ಲಿ ಕೆಮ್ಮುತ್ತಾ ಮಾಸ್ತರರು ಪ್ಯಾಂಟು ಹೊಲಿದರು. ಡಾಕ್ಟರು ರೋಗಿಗಳ ಬಾಯಿಗೆ ಹತ್ತಿ ತುರುಕಿ, "ಹೀಗೇ ಇರಿ, ಬಂದೆ," ಎಂದು ಗೂಡು ನೋಡಲು ಓಡಿ ಬರುತ್ತಿದ್ದರು. ಮಾಸ್ತರರು ತಮ್ಮ ಹಲ್ಲಿನ ವಿಷಯ ಎತ್ತಿದರೆ, "ಮರಿ ಬರಲಿ, ಮಾಸ್ತರೇ," ಎನ್ನುತ್ತಿದ್ದರು. ಮೃದುವಾದ ಅನ್ನವನ್ನು ಬಲಗಡೆಗೆ ತಳ್ಳಿಕೊಂಡು ನುಂಗುತ್ತಾ, ತಮ್ಮ ಸುಖದುಃಖವೆಲ್ಲ ಒಂದು ಹುಳದ ಹೆರಿಗೆಗೆ ಕಾದುನಿಂತಿದೆಯಲ್ಲ ಎಂದು ಅವರು ಹತಾಶರಾಗಿ ಗೋಡೆ ನೋಡುತ್ತಿದ್ದರು. ಗೋಡೆಯಲ್ಲಿ ಕಳೆ ಹೂಬಿಟ್ಟಿತ್ತು.

ಕೊನೆಗೊಂದು ಬೆಳಿಗ್ಗೆ ಜೇಬಿನಿಂದ ಕರಕರ ಸದ್ದು ಕೇಳಿತು.

ಎಲ್ಲರೂ ಸೇರಿದರು. ಹೆಂಡತಿ ಎದುರಿಗೆ, ಮಗಳು ಪಕ್ಕಕ್ಕೆ, ಡಾಕ್ಟರು ಕನ್ನಡಿ ಹಿಡಿದು ಮಂಡಿಯೂರಿ. ಬೆಳಕು ಸಾಲದೆಂದು ಮಾಸ್ತರರ ಕೈಗೆ ಟೇಬಲ್ ಲ್ಯಾಂಪು ಕೊಟ್ಟು ಬೊಂಬೆಯ ಹಿಂದೆ ನಿಲ್ಲಿಸಿದರು. "ಅಲುಗಾಡ್ಬೇಡಿ ರೀ," ಎಂದಳು ಹೆಂಡತಿ. ಅದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಮಣ್ಣು ಪುಡಿಯಾಯಿತು. ಸಣ್ಣ ತೂತು ಬಿತ್ತು. ಎರಡು ಮೀಸೆ ಹೊರಬಂದವು, ಆಮೇಲೆ ತಲೆ, ಆಮೇಲೆ ಮಡಿಸಿದ ರೆಕ್ಕೆಗಳು. ಕಣಜ ಜೇಬಿನ ಅಂಚಿನಲ್ಲಿ ಕೂತು ಮುಖ ಉಜ್ಜಿಕೊಂಡಿತು. ಮಾಸ್ತರರು ಬೊಂಬೆಯ ಭುಜದ ಮೇಲಿಂದ ಬಗ್ಗಿ ನೋಡಿದರು. ಇಷ್ಟು ದಿನ ತಮ್ಮನ್ನು ಗೋಳಾಡಿಸಿದ ಪ್ರಾಣಿ ಇಷ್ಟೇ ಇಷ್ಟು, ಇಷ್ಟು ಚೆಂದ! "ಏನೇ," ಎಂದು ಹೆಂಡತಿಗೆ ಏನೋ ಒಳ್ಳೆಯ ಮಾತು ಹೇಳಲು ಬಾಯಿ ತೆರೆದರು.

ಕಣಜ ಹಾರಿತು. ನೇರ ಅವರ ಮೂಗಿನ ತುದಿಗೆ ಬಂದು ಕೂತು, ಒಂದು ಕ್ಷಣ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕಿಟಕಿಯಿಂದ ಹೊರಟುಹೋಯಿತು. ಅದೇ ಕ್ಷಣಕ್ಕೆ ಹೆಂಡತಿ ಮೊಬೈಲು ಒತ್ತಿದ್ದಳು. ಸಂಭ್ರಮದಲ್ಲಿ ನೋಡದೆಯೇ ಗುಂಪಿಗೆ ಕಳಿಸಿಯೂ ಬಿಟ್ಟಳು.

ಫೋಟೋದಲ್ಲಿ ಕಣಜ ಇರಲಿಲ್ಲ. ತೆರೆದ ಬಾಯಿ, ಮೆಳ್ಳಗಣ್ಣು ಮಾಡಿಕೊಂಡು ಮೂಗಿನ ತುದಿ ನೋಡುತ್ತಿರುವ ಮಾಸ್ತರರು ಇದ್ದರು. ಲ್ಯಾಂಪಿನ ಬೆಳಕು ಅಚ್ಚುಕಟ್ಟಾಗಿ ಬಿದ್ದಿತ್ತು. ಒಂದೊಂದು ಕೂದಲೂ ಸ್ಪಷ್ಟ. ಮಗಳ ಕ್ಯಾಮೆರಾದಲ್ಲಿ ಕಣಜ ಸೊಗಸಾಗಿಯೇ ಬಂದಿತ್ತು, ಆದರೆ ಅದನ್ನು ನೋಡುವ ಪುರಸೊತ್ತು ಗುಂಪಿನಲ್ಲಿ ಯಾರಿಗೂ ಇರಲಿಲ್ಲ.

ಹಾಕಿದ ಯಾವುದನ್ನೂ ಗುರುತಿಸದೆ ಬಿಡುವ ಪ್ರೊಫೆಸರರಲ್ಲ. ಉತ್ತರ ಬಂತು: 'ಗಂಡು. ಪೂರ್ಣ ಬೆಳೆದಿದೆ. ಹೆದರಿದಾಗ ಹೀಗೆ ಬಾಯಿ ತೆರೆಯುತ್ತದೆ. ಕಚ್ಚುವುದಿಲ್ಲ.'

ಅದರ ಕೆಳಗೆ ಡಾಕ್ಟರು ಬರೆದರು: 'ಕಚ್ಚಲು ಆಗುವುದೂ ಇಲ್ಲ. ಮೇಲಿನ ದವಡೆ, ಎಡಗಡೆ, ಹುಳುಕು.'

ಹೃದಯಗಳು ಸುರಿದವು, ಯಾವ ಚಿಟ್ಟೆಗೂ ಬಾರದಷ್ಟು ಸುರಿದವು. ಗುರುತಿಸಿದ್ದು ಸರಿಯೆಂದು ಇನ್ನೊಬ್ಬರು ಒಪ್ಪಿದರೆ ಮಾತ್ರ ಆ ಆ್ಯಪಿನಲ್ಲಿ ದಾಖಲೆ ಖಾಯಂ ಆಗುತ್ತದೆ. ಮಾಸ್ತರರು ಮೂಗು ಉಜ್ಜಿಕೊಳ್ಳುತ್ತಾ, ಈ ಅನ್ಯಾಯಕ್ಕೆ ಹೆಂಡತಿ ಒಂದು ಖಾರದ ಉತ್ತರವನ್ನಾದರೂ ಬರೆದಾಳು ಎಂದು ಅವಳ ಭುಜದ ಹಿಂದಿನಿಂದ ಇಣುಕಿದರು. ಅವಳು ಪ್ರೊಫೆಸರರ ಮಾತನ್ನು ನಿಧಾನವಾಗಿ ಓದಿದಳು. ತಿರುಗಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

ಆಮೇಲೆ 'ಒಪ್ಪಿಗೆ' ಒತ್ತಿದಳು.