ಓಟದ ಕಾರಿಗೊಂದು ಕೊಟ್ಟಿಗೆ

ಜೋರಾಗಿ ಓಡಲೆಂದೇ ಮಾಡಿದ ವಸ್ತುವೊಂದನ್ನು ಮನೆಗೆ ತಂದು ನೋಡಿ, ಅದರಷ್ಟು ಅಲುಗಾಡದೆ ಕೂರುವುದು ಇನ್ನೊಂದು ಇರುವುದಿಲ್ಲ. ನಮ್ಮ ಮನೆಯಲ್ಲಿ ಅಂಥದ್ದೊಂದು ಕಾರಿದೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೂ ಹೊಟ್ಟೆಗೂ ನಡುವೆ ಒಂದು ಗೇಣು ಜಾಗ. ಯಾವುದೋ ದೂರದೇಶದಲ್ಲಿ, ನಾನು ಮದುವೆಯಾಗಿ ಬಳ್ಳಾರಿಗೆ ಬರುವ ಎಷ್ಟೋ ವರ್ಷ ಮೊದಲೇ ಹುಟ್ಟಿದ್ದಂತೆ. ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ನನಗೆ ಓದುಬರಹ ಅಷ್ಟಕ್ಕಷ್ಟೆ, ಆದರೂ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿದ್ದಾಗ ಅಕ್ಷರಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಅದು ಅದಿರಿನ ಕಾಲ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಧೂಳು ಕೂತು ಕಾವಿಯಾಗುತ್ತಿತ್ತು. ಊರಿನ ಗಂಡಸರೆಲ್ಲ ಸನ್ಯಾಸ ತೆಗೆದುಕೊಂಡವರಂತೆ ಕಾಣುತ್ತಿದ್ದರು, ಆದರೆ ಒಬ್ಬನಿಗೂ ವೈರಾಗ್ಯ ಬಂದಿರಲಿಲ್ಲ. ನಮ್ಮ ಯಜಮಾನರದು ಲಾರಿ ಬಿಡಿಭಾಗಗಳ ಅಂಗಡಿ. ಅದಿರು ಹೊರುವ ಲಾರಿಗಳು ದಿನಾ ಏನಾದರೊಂದು ಮುರಿದುಕೊಂಡು ಬರುತ್ತಿದ್ದವು, ಅಂಗಡಿ ತುಂಬಿ ನಡೆಯುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಬೇರೆಯವರು ಹೊಸ ಕಾರು ತಂದರು. ಇವರು ಮೊಮ್ಮಕ್ಕಳಿಗೆ ಕಥೆ ಹೇಳಿಕೊಂಡು ಕೂರುವ ವಯಸ್ಸಿನಲ್ಲಿ ಹೈದರಾಬಾದಿನಿಂದ ಈ ಮುದಿ ಕಾರು ತಂದರು. ಹುಡುಗನಾಗಿದ್ದಾಗ ಯಾವುದೋ ಕ್ಯಾಲೆಂಡರಿನಲ್ಲಿ ಇದರ ಚಿತ್ರ ನೋಡಿದ್ದರಂತೆ. ನಾನೂ ಹುಡುಗಿಯಾಗಿದ್ದಾಗ ಕ್ಯಾಲೆಂಡರಿನಲ್ಲಿ ಆನೆ ನೋಡಿದ್ದೆ. ತಂದು ಬಾಗಿಲಿಗೆ ಕಟ್ಟಿದೆನೇ?

ಕಾರು ಬಂದ ಮೇಲೆ ನನ್ನ ಅಡುಗೆಮನೆ ಗ್ಯಾರೇಜಾಯಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರು ಬೇರೆ ಕಾರುಗಳಿಗೆ ಒಂದೇ ಇರುತ್ತದಂತೆ, ಇದಕ್ಕೆ ಎರಡು. ಎರಡೂ ಒಂದೇ ಸಮ ಉಸಿರಾಡಬೇಕು, ಇಲ್ಲದಿದ್ದರೆ ರಗಳೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿಯೇ ಒಂದೇ ಸಮ ಉಸಿರಾಡಿದ್ದಿಲ್ಲ! ಅವನ್ನು ಬಿಚ್ಚಿ ನನ್ನ ಮಜ್ಜಿಗೆ ಪಾತ್ರೆಯಲ್ಲಿ ಸೀಮೆಎಣ್ಣೆ ಸುರಿದು ನೆನೆಹಾಕುತ್ತಿದ್ದರು. ಎಂಜಿನ್ನಿನಿಂದ ತೊಟ್ಟಿಕ್ಕುವ ಎಣ್ಣೆಗೆ ನಾನು ರೊಟ್ಟಿ ಹಿಟ್ಟು ನಾದುವ ಪರಾತ ಹೋಯಿತು. ಬಣ್ಣಕ್ಕೆ ಗೀರು ಬೀಳಬಾರದೆಂದು ಧೂಳು ಒರೆಸಲು ನನ್ನ ಮೆತ್ತನೆಯ ಹಳೆ ಇಳಕಲ್ ಸೀರೆಯನ್ನೇ ಹರಿದರು. ನನಗೆ ಮಂಡಿನೋವೆಂದರೆ ಒಂದು ಮಾತ್ರೆ ಕೈಗಿಟ್ಟು ಹೋಗುವ ಮನುಷ್ಯ, ಎಂಜಿನ್ನು ಒಮ್ಮೆ ಕೆಮ್ಮಿದರೆ ಊಟ ಬಿಡುತ್ತಿದ್ದರು. ಇವರಿಗೆ ಜೊತೆ ಮೇಸ್ತ್ರಿ ಮಸ್ತಾನ್ ಸಾಬರು. ಹಗಲೆಲ್ಲ ಲಾರಿಯ ಕೆಳಗೆ ಮಲಗಿ ಬೇಸತ್ತವರು, ಸಂಜೆ ನಮ್ಮಲ್ಲಿಗೆ ಬಂದು ಕಾರಿನ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

"ಕೇಳ್ರಿ ಅಕ್ಕಾರ, ಖವ್ವಾಲಿ ಹಾಡಿದಂಗ ಐತಿ."

"ಹಾಡೋದು ಸಾಕು, ಹೊಗಿ ಬಿಡಬ್ಯಾಡ ಅಂತ ಹೇಳ್ರಿ. ಎಮ್ಮಿ ಕೆಮ್ಮಾಕ ಹತ್ತೇತಿ."

ನನ್ನ ಎಮ್ಮೆಯ ವಿಷಯ ಹೇಳಬೇಕು. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಕ್ಕಕ್ಕೇ ಹೆಂಚು ಹೊದಿಸಿದ ಕೊಟ್ಟಿಗೆಯಿತ್ತು. ಅದರಲ್ಲಿ ಒಂದು ಎಮ್ಮೆ ಕಟ್ಟಿ ಓಣಿಯ ನಾಲ್ಕಾರು ಮನೆಗೆ ಹಾಲು ಹಾಕುತ್ತಿದ್ದೆ. ಅದರ ದುಡ್ಡಿಗೆ ನಾನು ಯಾರ ಮುಂದೆಯೂ ಕೈ ಚಾಚಬೇಕಿರಲಿಲ್ಲ. ಈ ಕೊಟ್ಟಿಗೆಯ ಮೇಲೆ ಇವರ ಕಣ್ಣು ಬಿತ್ತು.

"ಬೀದ್ಯಾಗ ನಿಂತು ಕಾರಿನ ಮೈಯೆಲ್ಲಾ ಕೆಂಪಾಗೈತಿ. ಎಮ್ಮೀನ ಬಾದನಹಟ್ಟಿಗೆ ನಿನ್ನ ತಮ್ಮನ ಮನಿಗೆ ಬಿಡೂಣು," ಅಂದರು.

"ಎಮ್ಮಿ ಹಾಲು ಕೊಡತೈತಿ. ನಿಮ್ಮ ಕಾರು ಏನ್ ಕೊಡತೈತ್ರಿ?"

"ಮರ್ಯಾದಿ ಕೊಡತೈತಿ."

"ಹಂಗಾದ್ರ ನಾಳಿಂದ ಅದನ್ನ ಹಾಕ್ಕೊಂಡು ಚಾ ಕುಡೀರಿ."

ಮಾತಿಗೆ ಮಾತು ಬೆಳೆದು ಪಣಕ್ಕೆ ನಿಂತಿತು. ಆ ದಿನಗಳಲ್ಲಿ ಗಣಿಯ ಧಣಿಯೊಬ್ಬರು ಸಿರುಗುಪ್ಪದ ಆಚೆ, ದೇಶನೂರಿನ ಹತ್ತಿರ, ಕಾರು ಓಡಿಸಿ ಆಡಲಿಕ್ಕೆಂದೇ ಒಂದು ಸುತ್ತುರಸ್ತೆ ಹಾಕಿಸಿದ್ದರು. ಒಂದು ಭಾನುವಾರ ಹಳೆ ಕಾರಿನವರನ್ನೂ ಕರೆದಿದ್ದರು. ಇವರ ಕಾರು ಅಲ್ಲಿಗೆ ಹೋಗಿ, ಓಡಿ, ತನ್ನ ಚಕ್ರದ ಮೇಲೆ ತಾನೇ ಮನೆಗೆ ಬಂದರೆ ಕೊಟ್ಟಿಗೆ ಕಾರಿಗೆ. ಲಾರಿ ಮೇಲೆ ಏರಿಯೋ ಹಗ್ಗ ಕಟ್ಟಿಸಿಕೊಂಡೋ ಬಂದರೆ ಕಾರು ಮಾರಬೇಕು. ಮಸ್ತಾನ್ ಸಾಬರು ಸಾಕ್ಷಿ. ಇವರಿಬ್ಬರನ್ನೇ ಬಿಟ್ಟರೆ ಲಾರಿಯಲ್ಲಿ ತಂದು ಊರ ಹೊರಗೆ ಇಳಿಸಿಕೊಂಡು ಬಂದಾರು ಎಂದು ನಾನೂ ಹೊರಟೆ. ಸೀಟು ಎರಡೇ ಇದ್ದುದರಿಂದ ಸಾಬರು ಹತಾರದ ಪೆಟ್ಟಿಗೆ ಹೊತ್ತು ಬಸ್ಸು ಹಿಡಿದರು. ಕಾರಿನೊಳಗೆ ಕೂರುವುದು ಕೂರುವುದಲ್ಲ, ಬಾವಿಗೆ ಇಳಿಯುವುದು. ಹೊರಗೆ ಬರಲು ಮೇಲಿನಿಂದ ಯಾರಾದರೂ ಎಳೆಯಬೇಕು.

ಅಲ್ಲಿ ಹೋಗಿ ನೋಡಿದರೆ ನನ್ನ ಹೊಟ್ಟೆ ಉರಿಯಿತು. ವರ್ಷಕ್ಕೆ ಎರಡು ಬೆಳೆ ಬತ್ತ ಬೆಳೆಯುವ ಕಾಲುವೆ ನೀರಿನ ಗದ್ದೆ! ಅದರ ಮೇಲೆ ಡಾಂಬರು ಸುರಿದಿದ್ದರು. ರಸ್ತೆಯೆಂದ ಮೇಲೆ ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕು. ಇದು ಹೊರಟಲ್ಲಿಗೇ ಬರುತ್ತದೆ. ಯಜಮಾನರು ತಲೆಗೆ ಬುರುಡೆಯಂಥ ಟೋಪಿ ಹಾಕಿಕೊಂಡು ಗರಗರ ಸುತ್ತಿದರು. ನಾನು ಬೇವಿನ ಮರದ ಕೆಳಗೆ ಕೂತು ಲಾರಿ ಬರಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಧಣಿಗಳ ಮಗ, ಮೀಸೆ ಆಗಷ್ಟೇ ಚಿಗುರಿದವನು, ಹೊಸ ಫಾರಿನ್ ಕಾರಿನಲ್ಲಿ ಹಾರನ್ ಹೊಡೆಯುತ್ತ ಇವರನ್ನು ದಾಟಿಹೋದ. ಹೋಗುವಾಗ ಕೈ ಹೊರಗೆ ಹಾಕಿ, "ತಾತಾ, ಪಕ್ಕಕ್ಕ ಸರೀರಿ, ವಾಕಿಂಗ್ ಮಾಡೋ ಜಾಗ ಅಲ್ಲ ಇದು!" ಎಂದು ಕೂಗಿದ. ನಾನು ಎದ್ದು ನಿಂತಿದ್ದು ನನಗೇ ಗೊತ್ತಾಗಲಿಲ್ಲ. ಇವರು ನೀರು ಕುಡಿಯಲು ಬಂದಾಗ ಕೇಳಿದೆ.

"ಅಂವ ಹೆಂಗ ದಾಟಿದ್ರಿ ನಿಮ್ಮನ್ನ?"

"ಅವಂದು ಹೊಸಾ ಕಾರು ಶಂಕ್ರಮ್ಮ, ನಮ್ಮದಕ್ಕ ವಯಸ್ಸಾಗೇತಿ."

"ವಯಸ್ಸಾದ್ರ ದಾರಿ ಬಿಡಬೇಕೇನು? ತಿರುವಿನ್ಯಾಗ ಅಂವ ಎಮ್ಮಿಗತೆ ಹೊರಳತಾನ, ನಾ ನೋಡೀನಿ. ಅಲ್ಲೇ ಹಿಡೀರಿ ಅವನ್ನ."

ಹಿಡಿದರು. ತಿರುವಿನಲ್ಲೇ ಹಿಡಿದು ದಾಟಿದರು. ನಾನು ಸೆರಗು ಬೀಸಿದೆ ಎಂದು ಸಾಬರು ಈಗಲೂ ಹೇಳುತ್ತಾರೆ. ಅದು ಸುಳ್ಳು, ಬಿಸಿಲಿಗೆ ಗಾಳಿ ಹಾಕಿಕೊಳ್ಳುತ್ತಿದ್ದೆ.

ಸಾಬರು ಬೇರೆಯವರ ಕಾರು ಬಿಚ್ಚಿಕೊಂಡು ಅಲ್ಲೇ ಉಳಿದರು. ಮನೆಗೆ ಹೊರಟರೆ ದೊಡ್ಡ ರಸ್ತೆಯಲ್ಲಿ ಲಾರಿಗಳ ಸಾಲು ಹನುಮಂತನ ಬಾಲದ ಹಾಗೆ ನಿಂತಿತ್ತು. ಹಾಗಾಗಿ ನಾವು ಕುರುಗೋಡಿನ ಕಡೆ ಸುತ್ತಿ ನನ್ನ ತವರಾದ ಬಾದನಹಟ್ಟಿಯ ದಾರಿ ಹಿಡಿದೆವು. ಆ ಕಡೆಯಲ್ಲಿ ಹುರುಳಿ ಕಿತ್ತ ಮೇಲೆ ಬಳ್ಳಿಯನ್ನು ರಸ್ತೆಗೇ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದುಕೊಂಡು ಹೋದರೆ ಪುಕ್ಕಟೆ ಒಕ್ಕಣೆ. ನಾನೂ ಹುಡುಗಿಯಾಗಿದ್ದಾಗ ಹಾಸಿದವಳೇ. ಎತ್ತರದ ಗಾಡಿಗಳಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ನಮ್ಮದು ಹೊಟ್ಟೆ ಎಳೆದುಕೊಂಡು ಹೋಗುವ ಕಾರು. ಬಳ್ಳಿಯ ರಾಶಿಗೆ ನುಗ್ಗಿ ಹತ್ತು ಮಾರು ಹೋಗುವುದರೊಳಗೆ ಚಕ್ರದ ಅಚ್ಚಿಗೆ ಬಳ್ಳಿ ಸುತ್ತಿಕೊಂಡು, ಸುಟ್ಟ ವಾಸನೆ ಬಿಟ್ಟು, ನಿಂತೇಬಿಟ್ಟಿತು. ಹುರುಳಿ ಯಾರದು? ನನ್ನ ತಮ್ಮ ಬಸಣ್ಣನದು! ಅವನೂ ಅವನ ಹೆಂಡತಿ ನೀಲಮ್ಮನೂ ಓಡಿಬಂದು ನಮ್ಮಿಬ್ಬರನ್ನೂ ಕಾರಿನಿಂದ ಮೇಲಕ್ಕೆ ಎಳೆದರು.

"ಮಾಮಾ, ಮುಂಜಾನಿಂದ ಎಲ್ಲಾ ಗಾಡಿ ತುಳದು ಹೋಗ್ಯಾವು. ನಿಮ್ಮದೊಂದು ಹಿಂಗ್ಯಾಕ ಮಲಗ್ತು?" ಅಂದ ಬಸಣ್ಣ. ಯಜಮಾನರು ಬಗ್ಗಿ ನೋಡಲು ಹೋಗಿ ಸೊಂಟ ಹಿಡಿದುಕೊಂಡರು. ಅಷ್ಟರಲ್ಲಿ ಒಂದು ಖಾಲಿ ಲಾರಿ ಬಂತು. ಬಸಣ್ಣ ಕೈ ಮಾಡಿ ನಿಲ್ಲಿಸಿ, ಹಲಗೆ ಇಟ್ಟು ಕಾರು ಹತ್ತಿಸೋಣ ಅಂದ. ಯಜಮಾನರ ಮುಖ ಇಷ್ಟೇ ಇಷ್ಟಾಯಿತು. ಕೊಟ್ಟಿಗೆ ಉಳಿಯಿತು, ಎಮ್ಮೆ ಉಳಿಯಿತು, ಕಾರು ತೊಲಗಿತು. ನಾನು ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಆಗುತ್ತಿತ್ತು. ಆದರೆ ನೀಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

"ಅಕ್ಕಾರ, ರೇಸಿನ ಕಾರು ಅಂತೀರಿ, ನಮ್ಮ ಹುರುಳಿ ದಾಟಾಕ ಆಗಲಿಲ್ಲಲ್ರೀ! ನಮ್ಮ ಮುದಿ ಎತ್ತು ಆದ್ರೂ ದಾಟತಿತ್ತು."

"ಕಾರಿಗೆ ಏನೂ ಆಗಿಲ್ಲ," ಅಂದೆ. "ನಿಮಗ ರಸ್ತೆ ಅಂದ್ರ ಕಣ ಆಗೇತಿ. ತಾರಲೇ ಬಸ್ಯಾ, ಕುಡಗೋಲು!"

ರಸ್ತೆಗೆ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿದೆ. ಒಂದು ಗೇಣು ಜಾಗದಲ್ಲಿ ಅಂಗಾತ ಮಲಗಿ ಬಳ್ಳಿ ಕೊಯ್ದೆ, ಜಗ್ಗಿದೆ, ಮತ್ತೆ ಕೊಯ್ದೆ. ಕಣ್ಣಿಗೆ ಹೊಟ್ಟು ಬಿತ್ತು, ಸೀರೆಗೆ ಎಣ್ಣೆ ಬಿತ್ತು, ಬಿಸಿ ಕೊಳವೆ ತಗುಲಿ ಮೊಣಕೈ ಸುಟ್ಟಿತು. ಕೊನೆಯ ಎಳೆ ಬಂದ ಮೇಲೆ, "ಚಾಲೂ ಮಾಡ್ರಿ" ಅಂದೆ. ಕಾರು ಒಮ್ಮೆ ಕೆಮ್ಮಿ ಎದ್ದಿತು. ಬಳ್ಳಾರಿ ಮುಟ್ಟುವವರೆಗೆ ಎಲ್ಲೂ ನಿಲ್ಲಲಿಲ್ಲ.

ಮರುದಿನ ಸಾಬರು ಬಂದರು. ಇವರೇ ಬಾಯಿಬಿಟ್ಟರು: "ಎಮ್ಮಿ ಇರಲಿ ಬಿಡು. ದಾರ್ಯಾಗ ನಿಂತಿತ್ತಲ್ಲ, ಕಾರೇ ಸೋತಂಗ." ಸಾಬರೂ ತಲೆಯಾಡಿಸಿದರು: "ಹೌದ್ರಿ ಅಕ್ಕಾರ. ಹೆಣ್ಮಕ್ಕಳು ಕಸ ತಗದು ಎಬ್ಬಿಸಿದ್ದು ಲೆಕ್ಕಕ್ಕಿಲ್ಲ."

ನೋಡಿ, ಇಷ್ಟು ಹೊತ್ತು ನಾನು ಸಮಾಧಾನದಲ್ಲೇ ಇದ್ದೆ.

"ಕಸ ಅಂತ ಯಾಕಂತೀರಿ? ನೀವು ಕಾರಿನ ಕೆಳಗ ಮಲಗಿದ್ರ ರಿಪೇರಿ, ನಾ ಮಲಗಿದ್ರ ಕಸ ಬಳಿಯೋದು? ಲಾರಿ ಏರಿತ್ತೇನು? ಹಗ್ಗ ಕಟ್ಟಿದ್ರೇನು? ತನ್ನ ಚಕ್ರದ ಮ್ಯಾಲ ಬಂದೈತಿ. ನಾ ರಿಪೇರಿ ಮಾಡೀನಿ, ಬಂದೈತಿ!"

ಇಬ್ಬರೂ ಬಹಳ ವಾದಿಸಿದರು, ನಾನು ಬಿಡಲಿಲ್ಲ. ಕೊನೆಗೆ ಸಾಬರು ಕೈಮುಗಿದು, ಕಾರು ಗೆದ್ದಿತು ಎಂದು ಒಪ್ಪಿಕೊಂಡರು. ಬಸಣ್ಣನನ್ನು ಕರೆಸಿ, ಎಮ್ಮೆಯ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟವಳು ನಾನೇ. ಗೋದಲಿಗೆ ತಗುಲಿ ಬಣ್ಣ ಕಿತ್ತೀತು ಎಂದು ಇಬ್ಬರನ್ನೂ ಬೈಯುತ್ತ, ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿ ಆ ಕಾರನ್ನು ನನ್ನ ಕೊಟ್ಟಿಗೆಯೊಳಗೆ ಹೊಗಿಸಿದವಳೂ ನಾನೇ.