ಮೊಬೈಲು ಕಂಡ ಸರ್ಪಸುತ್ತು

ನನ್ನ ಬೆನ್ನನ್ನು ನಾನು ಮೊದಲ ಸಲ ನೋಡಿದ್ದು ಮೊಮ್ಮಕ್ಕಳಾದ ಮೇಲೆ, ಅದೂ ಮಗನ ಮೊಬೈಲಿನಲ್ಲಿ. ನೋಡಿ ಸಂತೋಷಪಡುವಂಥದ್ದೇನೂ ಇರಲಿಲ್ಲ. ಬೆನ್ನುಮೂಳೆಯ ಬಲಕ್ಕೆ ಸುಟ್ಟ ಹಾಗೆ ಗುಳ್ಳೆಗಳು ಸಾಲುಗಟ್ಟಿದ್ದವು. ಭದ್ರಾವತಿಗೆ ಕ್ಯಾಮೆರಾ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ಶಿವಮೊಗ್ಗದ ಸವಳಂಗ ರಸ್ತೆಯ ಚರ್ಮದ ಡಾಕ್ಟರು ತ್ರಿವಿಕ್ರಮ ನನ್ನ ಮಗ ಪ್ರಸನ್ನಕುಮಾರನ ಸ್ನೇಹಿತರು. "ಅಮ್ಮನ್ನ ಬಸ್ಸಲ್ಲಿ ಕುಲುಕಿಸ್ಬೇಡ ಮಾರಾಯ. ದಿನಾ ಒಂದು ಫೋಟೋ ಕಳಿಸು, ಇಲ್ಲಿಂದ್ಲೇ ನೋಡ್ತೀನಿ" ಎಂದರು.

ಮಗನ ಮುಂದೆ ಬೆನ್ನು ಬಿಚ್ಚುವುದುಂಟೆ? ಆ ಕೆಲಸ ಸೊಸೆ ಸುಮನಾಳ ಪಾಲಿಗೆ ಬಂತು. ಅವಳಿಗೋ ಅಂಟೀತೆಂಬ ಭಯ. ಬಾಗಿಲಾಚೆ ನಿಂತು, ಮುಖ ಅತ್ತ ತಿರುಗಿಸಿ, ಕೈಯೊಂದನ್ನೇ ಒಳಗೆ ಚಾಚುತ್ತಿದ್ದಳು. (ಬಳೆ ತೊಟ್ಟ ಕೈಯೊಂದು ತೇಲಿ ಬಂದು ಬೆನ್ನ ಹಿಂದೆ ಕ್ಲಿಕ್ ಎನ್ನುವ ಸುಖವನ್ನು ನೀವೂ ಒಮ್ಮೆ ಅನುಭವಿಸಬೇಕು.) ಮಗ ಚಿತ್ರವನ್ನು ನೋಡದೆಯೇ ಬಟನ್ ಒತ್ತಿ ಶಿವಮೊಗ್ಗಕ್ಕೆ ಅಟ್ಟುತ್ತಿದ್ದ.

ಮರುದಿನ ಪಕ್ಕದ ಮನೆಯ ಹುಲಿಗೆಮ್ಮ ಬಂದಳು. "ಇದು ಸರ್ಪಸುತ್ತು ಶಂಕರಮ್ಮಕ್ಕ. ಸೊಂಟ ಸುತ್ತಿ ತಲೆ ಬಾಲ ಕೂಡಿದ್ರೆ ಮುಗೀತು. ದಾರಿ ಕಟ್ಬೇಕು" ಎಂದು ಕೆಮ್ಮಣ್ಣು ಕಲಸಿ, ಗುಳ್ಳೆಗಳ ಮೇಲೂ ಒಂದಿಷ್ಟು ಮುಂದಕ್ಕೂ ಪಟ್ಟೆ ಬಳಿದಳು. "ಯಾರಿಗೂ ಹೇಳ್ಬೇಡಿ, ಕಟ್ಟು ಬಿಚ್ಚುತ್ತೆ."

ನಾನೇಕೆ ಹೇಳಲಿ? ಹಿಂದೆ ನನ್ನ ಕೈ ಮುರಿದಾಗ ಆಸ್ಪತ್ರೆಯವರು ತೆಗೆದ ಫೋಟೋ ಚರ್ಮ, ಮಾಂಸ ಎಲ್ಲ ದಾಟಿ ಎಲುಬನ್ನೇ ತೋರಿಸಿತ್ತು. ಅಂಥ ಡಾಕ್ಟರ ಫೋಟೋಕ್ಕೆ ಕೆಮ್ಮಣ್ಣು ಯಾವ ಲೆಕ್ಕ? (ನಮಗೆ ಕಾಣುವುದು ಹೊರಗಿನದು, ಡಾಕ್ಟರಿಗೆ ಹೋಗುವುದು ಒಳಗಿನದು ಎಂದು ನನ್ನ ಮಹಾಜ್ಞಾನ.)

ಅಂದು ಸಂಜೆ ಡಾಕ್ಟರ ಫೋನು ಬಂತು. "ಇದೇನೋ ಪ್ರಸನ್ನ, ಪಕ್ಕೆವರೆಗೂ ಬಂದ್ಬಿಟ್ಟಿದೆ!"

ಹಾವು ಕೆಮ್ಮಣ್ಣಿನ ಅಡಿಯಲ್ಲೇ ನುಸುಳಿದೆ! ಹುಲಿಗೆಮ್ಮನಿಗೆ ಹೇಳಿದೆ. "ಹಂಗಾ? ಇನ್ನೂ ಮುಂದೆ ಕಟ್ಟಣ" ಎಂದು ಹೊಕ್ಕುಳವರೆಗೆ ಬಳಿದಳು. ಡಾಕ್ಟರು "ಹೊಕ್ಕುಳಿಗೆ ಬಂದಿದೆ" ಎಂದರು. ಎಡಕ್ಕೆ ಬಳಿದಳು. "ಎಡಕ್ಕೆ ತಿರುಗಿದೆ. ಇಂಥದ್ದು ನಾನು ಕಂಡೇ ಇಲ್ಲ." ದಿನದಿನಕ್ಕೆ ಅವರ ದನಿ ಇಳಿಯುತ್ತಾ ಹೋಯಿತು, ಮಾತ್ರೆಗಳು ದಪ್ಪವಾಗುತ್ತಾ ಬಂದವು. ನೋವು ಮಾತ್ರ ಕಡಿಮೆಯಾಗಿತ್ತು. ನನಗೆ ಅದೇ ಇನ್ನಷ್ಟು ಭಯ. ಸುಮ್ಮನೆ ಕುಳಿತರೆ ಸೊಂಟದ ಸುತ್ತ ಏನೋ ತಣ್ಣಗೆ ಬಿಗಿದು ಸರಿದಂತಾಗುತ್ತಿತ್ತು.

ಕೊನೆಗೆ ಬೆನ್ನುಮೂಳೆಯ ಬಳಿ ನಾಲ್ಕು ಬೆರಳಷ್ಟು ಜಾಗ ಉಳಿಯಿತು. ಹುಲಿಗೆಮ್ಮ ಕೈ ತೆಗೆದಳು. "ಇಷ್ಟು ಬಿಡ್ಲೇಬೇಕು ಅಕ್ಕಾ. ನಾವೇ ಕೂಡಿಸ್ಬಾರ್ದು."

ಮುಸ್ಸಂಜೆಗೆ ಬಳೆಯ ಕೈ ಬಂತು, ಕ್ಲಿಕ್ ಎಂದಿತು. ಫೋನು ಬಂತು. ಡಾಕ್ಟರದ್ದೇ.

"ಪ್ರಸನ್ನ... ಕೂಡಿದೆ. ನಾನೇ ಬರ್ತೀನಿ."

ನಾನು ಸೊಸೆಯನ್ನು ಕರೆದೆ. "ಕಪಾಟಿನಲ್ಲಿ ಬಿಳಿ ಸೀರೆ ಇದೆ, ಅದನ್ನೇ ಉಡ್ಸು. ಹಸಿರಂಚಿಂದು ನಿಂಗೆ ಕಣೆ."

"ಅದನ್ನ ಹೋದ ದೀಪಾವಳೀಲೇ ಕೊಟ್ಟಿದ್ರಿ ಅತ್ತೆ. ವಾಪಸ್ ಇಸ್ಕೊಂಡಿದ್ದೂ ನೀವೇ" ಎಂದು ಬಾಗಿಲಾಚೆಯಿಂದಲೇ ಬಿಕ್ಕಿದಳು.

ಡಾಕ್ಟರು ಬಂದರು. ಮಗನನ್ನು ಹೊರಗೆ ನಿಲ್ಲಿಸಿ, ಟ್ಯೂಬ್‌ಲೈಟಿನ ಕೆಳಗೆ ನನ್ನನ್ನು ಕೂರಿಸಿ, ಒದ್ದೆ ಹತ್ತಿಯಿಂದ ಒರೆಸಿದರು. ಹತ್ತಿ ಕೆಂಪಾಯಿತು. ಮೂಸಿದರು.

"ಇದು ಮಣ್ಣು!"

ಹೇಳಲೇಬೇಕಾಯಿತು. ಎಲುಬಿನ ಫೋಟೋದ ಕಥೆಯನ್ನೂ ಹೇಳಿದೆ. "ಅಯ್ಯೋ ಅಮ್ಮಾ! ಇಷ್ಟು ದಿನ ಮಣ್ಣಿಗೆ ಮಾತ್ರೆ ಕೊಟ್ನಾ ನಾನು?" ಎಂದು ಡಾಕ್ಟರು ಹಣೆ ಚಚ್ಚಿಕೊಂಡರು. ಸುಮನಾ ಮೊದಲ ಬಾರಿಗೆ ಪೂರ್ತಿಯಾಗಿ ಒಳಗೆ ಬಂದು, ಗೋಡೆಗೊರಗಿ ನಕ್ಕಳೇ ನಕ್ಕಳು. ಬಲಗಡೆ ಹಳೆಯ ಗುಳ್ಳೆಗಳು ಆಗಲೇ ಒಣಗಿ ಹಕ್ಕಳೆಗಟ್ಟಿದ್ದವು, ಅಷ್ಟೇ. ನಾನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ಒರೆಸುತ್ತಿದ್ದ ಹತ್ತಿ ಬೆನ್ನುಮೂಳೆಯ ಹತ್ತಿರ ನಿಂತಿತು. ಡಾಕ್ಟರು ಮೊಬೈಲು ಇಸಿದುಕೊಂಡು ಚಿತ್ರ ನೋಡಿದರು, ನನ್ನ ಬೆನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಇಣುಕಿದ ಸುಮನಾಳ ನಗು ಅರ್ಧಕ್ಕೇ ನಿಂತಿತು.

"ಅಮ್ಮ, ಈ ನಾಲ್ಕು ಬೆರಳು ಜಾಗಕ್ಕೆ ಮಣ್ಣೇ ಬಿದ್ದಿಲ್ಲ, ಗುಳ್ಳೆಯೂ ಇಲ್ಲ. ನಾನಿನ್ನೂ ಇಲ್ಲಿ ಒರೆಸೂ ಇಲ್ಲ" ಎಂದರು ಮೆಲ್ಲಗೆ. "ಮತ್ತೆ ಫೋಟೋದಲ್ಲಿ ಇಲ್ಲಿ ಬಂದು ಕೂಡ್ಕೊಂಡಿರೋದು ಏನು?"