ಹಾರ್ಮೋನಿಯಂ ತುಳಿದವನು

ಮಕ್ಕಳಿಗೆ ಸಂಗೀತ ಕಲಿಸಿದರೆ ಏಕಾಗ್ರತೆ ಬರುತ್ತದೆ, ಲೆಕ್ಕ ತಲೆಗೆ ಹತ್ತುತ್ತದೆ, ಹಟ ಇಳಿಯುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಮೊಣಕಾಲು ನೋಯುತ್ತದೆ. ಅವರು ಹೇಳುವುದು ಸುಳ್ಳೇನಲ್ಲ. ಆದರೆ ಮಕ್ಕಳಿಗಾಗುವ ಪ್ರಯೋಜನವನ್ನಷ್ಟೇ ಹೇಳಿ ಅಪ್ಪಂದಿರ ಪಾಡನ್ನು ಮಾತ್ರ ಹೇಳದೆ ಬಿಡುತ್ತಾರೆ.

ಐವತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಮನೆಗೆ ಬಂದರೆ ನನಗೆ ಬೇಕಾದದ್ದು ಒಂದು ಲೋಟ ಕಾಫಿ, ಜಗಲಿಯ ಆರಾಮ ಕುರ್ಚಿ. ಬೇರೇನನ್ನೂ ಕೇಳಿದವನಲ್ಲ. ಮಗಳು ಸುಮತಿಗೆ ಲೆಕ್ಕ ಬರುವುದಿಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದೇ ತಡ, ನಮ್ಮ ಹೆಡ್ ಗುಮಾಸ್ತರು ಸಂಗೀತದ ಮಹಿಮೆ ಶುರುಮಾಡಿದರು. ಪಿಯಾನೊ ಆದರೆ ಇನ್ನೂ ಒಳ್ಳೆಯದಂತೆ. ಪಿಯಾನೊ ಎಲ್ಲಿಂದ ತರಲಿ? ಸುಳ್ಯದಲ್ಲಿ ಮುಚ್ಚಿಹೋದ ನಾಟಕ ಕಂಪೆನಿಯೊಂದರ, ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಬಸ್ಸಿನ ಟಾಪಿನ ಮೇಲೆ ಕೂತು ನಮ್ಮ ಮನೆಗೆ ಬಂತು. ಅದೇ ಕಂಪೆನಿಯ ಮಾಸ್ಟರು ಪಾಠ ಹೇಳಲು ಒಪ್ಪಿದರು.

ಎಲ್ಲ ಸರಿಯಿತ್ತು, ಸುಮತಿಯ ಕಾಲು ಮಾತ್ರ ಪೆಡಲಿಗೆ ಎಟುಕಲಿಲ್ಲ. ತುಳಿಯದಿದ್ದರೆ ಗಾಳಿಯಿಲ್ಲ, ಗಾಳಿಯಿಲ್ಲದೆ ಸ್ವರವಿಲ್ಲ.

"ರಾಯರು ಹೇಗೂ ಸಂಜೆ ಸುಮ್ಮನೆ ಕೂತಿರುದಲ್ವಾ? ಅವರೇ ತುಳಿಯಲಿ," ಎಂದರು ಮಾಸ್ಟರು.

"ಅದೇ ನಾನೂ ಹೇಳುದು," ಎಂದಳು ಒಳಗಿನಿಂದ ನನ್ನ ಹೆಂಡತಿ.

ಅಂದಿನಿಂದ ಮಗಳ ಪಕ್ಕ ಬೆಂಚಿನಲ್ಲಿ ಕೂತು ತುಳಿದೆ. ದಣಿದ ಜೀವ, ಸರಳೆಯ ನಡುವೆ ತೂಕಡಿಕೆ ಬರುತ್ತಿತ್ತು. ಕೂಡಲೇ ಸ್ವರವೂ ನರಳಿ ನಿಲ್ಲುತ್ತಿತ್ತು. ತಪ್ಪು ಬಾರಿಸಿದ ಮಗಳಿಗೆ "ಅಡ್ಡಿಯಿಲ್ಲ ಮಗಾ" ಎನ್ನುವ ಮಾಸ್ಟರು ನನ್ನನ್ನು ಮಾತ್ರ, "ಗಾಳಿ ಎಲ್ಲಿ ಹೋಯಿತು ಮಾರಾಯ್ರೆ?" ಎಂದು ಗದರುತ್ತಿದ್ದರು. ನನಗೆ ಏಕಾಗ್ರತೆ ಸಾಲದೆಂದು ಹೆಂಡತಿಯ ಬಳಿ ದೂರು ಬೇರೆ. ಮಗಳ ಲೆಕ್ಕ ಅಷ್ಟಕ್ಕಷ್ಟೇ ಉಳಿಯಿತು. ಪಾಠ ಮುಗಿದ ಮೇಲೆ ಅವಳು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅದೊಂದು ಹಿತವಾಗಿತ್ತು.

ಮಕ್ಕಳು ಹೇಳದೆ ಕೇಳದೆ ಬೆಳೆದುಬಿಡುತ್ತಾರೆ. ಒಂದು ಸಂಜೆ ಎಂದಿನಂತೆ ನಿಟ್ಟುಸಿರುಬಿಟ್ಟು ಬೆಂಚಿಗೆ ಬಂದಾಗ ಸುಮತಿ, "ಬೇಡ ಅಪ್ಪ, ಈಗ ನನಗೇ ಎಟುಕ್ತದೆ. ನೀವು ಆಚೆ ಆರಾಮ ಕೂತ್ಕೊಳ್ಳಿ," ಎಂದಳು.

ಕೂತೆ. ಅಷ್ಟು ದಿನ ಬಯಸಿದ್ದ ಅದೇ ಕುರ್ಚಿ. ಒಳಗೆ ಹಾರ್ಮೋನಿಯಂ ನನ್ನ ಹಂಗಿಲ್ಲದೆ ಚೆನ್ನಾಗಿಯೇ ನುಡಿಯುತ್ತಿತ್ತು. ನನಗೆ ಬೇಸರವಾಯಿತು.

ಕಾಫಿ ತಂದ ಹೆಂಡತಿ ಕೆಳಗೆ ನೋಡಿ, "ಇದೆಂತ, ಕಾಲು ಯಾಕೆ ಹಾಗೆ ಆಡಿಸುದು?" ಎಂದಳು.

ನೋಡಿದರೆ, ನಾನು ಜಗಲಿಯ ನೆಲವನ್ನು ತುಳಿಯುತ್ತಿದ್ದೆ.